ಮನೆಯಲ್ಲಿ ಹಾವು ಮರಿ ಮಾಡಿಸುವವರಿಗೆ: ಯಾವ ಕೋಣೆ, ಯಾವ ಬಿಸಿ, ಯಾವ ಗೂಡು? ಬೆಂಗಳೂರಿನ ಲೆಕ್ಕದಲ್ಲೊಂದು ಹೋಲಿಕೆ

ಬಾಲ್ ಪೈಥಾನ್ (ಆಫ್ರಿಕಾದ ಚಿಕ್ಕ ಹೆಬ್ಬಾವು) ಅಥವಾ ಕಾರ್ನ್ ಸ್ನೇಕ್ (ಅಮೆರಿಕದ ವಿಷರಹಿತ ಹಾವು) ಸಾಕಿ ಮರಿ ಮಾಡಿಸೋಣ ಅಂತ ಕೋಣೆ ಹುಡುಕುವವರು ಮೊದಲು ಹೆದರುವುದು ಡಿಸೆಂಬರ್ ಚಳಿಗೆ. ಎಷ್ಟು ವಾಟಿನ ಹೀಟರ್ ಬೇಕು, ಕಿಟಕಿ ಹೇಗೆ ಮುಚ್ಚಬೇಕು ಅನ್ನುವಲ್ಲಿಂದಲೇ ಮಾತು ಶುರು. ಬೆಂಗಳೂರಿನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ. ಜನವರಿಯ ರಾತ್ರಿ ಹೊರಗೆ 15-16 ಡಿಗ್ರಿಗೆ ಇಳಿದರೂ ಮುಚ್ಚಿದ ಕೋಣೆಯಲ್ಲಿ 20ರ ಆಸುಪಾಸು ಇರುತ್ತದೆ. ಅಲ್ಲಿಂದ ಏಳೆಂಟು ಡಿಗ್ರಿ ಏರಿಸುವುದು ಸುಲಭ, ಖರ್ಚೂ ಕಡಿಮೆ. ಏಪ್ರಿಲ್‌ನಲ್ಲಿ ಹೊರಗೆ 34-36 ಇದ್ದು, ಮೇಲಿನ ಸ್ಲ್ಯಾಬು ಕಾದು ಕೂತಾಗ ಕೋಣೆಯನ್ನು 30ಕ್ಕೆ ಇಳಿಸುವುದು ಎಸಿ ಇಲ್ಲದೆ ಆಗದ ಮಾತು. 2016ರ ಏಪ್ರಿಲ್‌ನಲ್ಲಿ ನಗರ 39.2 ಡಿಗ್ರಿಯನ್ನೂ ಕಂಡಿದೆ.

ಬಾಲ್ ಪೈಥಾನ್‌ಗಳನ್ನು ಜೋಡಿ ಬಿಡುವುದು ಸಾಮಾನ್ಯವಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ. ಮೊಟ್ಟೆ ಬೀಳುವುದು ಹೆಚ್ಚಾಗಿ ಮಾರ್ಚ್‌ನಿಂದ ಮೇ ಒಳಗೆ, ಅಂದರೆ ಊರು ಕಾಯುವ ಹೊತ್ತಿಗೇ. ಮೊಟ್ಟೆಗೆ ಬೇಕಾದ್ದು 31ರಿಂದ 32 ಡಿಗ್ರಿ. 34ರ ಮೇಲೆ ಹೋದರೆ ಬೆನ್ನುಮೂಳೆ ಸೊಟ್ಟಗಾದ ಮರಿ, ಕಣ್ಣಿಲ್ಲದ ಮರಿ ಬರುವ ಸಂಭವ ಹೆಚ್ಚು. ಇನ್ನೂ ಏರಿದರೆ ಮೊಟ್ಟೆಯೊಳಗೇ ಸಾಯುತ್ತವೆ. ಹಾಗಾಗಿ ಕೆಳಗಿನ ಪ್ರತಿಯೊಂದು ಆಯ್ಕೆಗೂ ನಮ್ಮ ಮೊದಲ ಪ್ರಶ್ನೆ ಒಂದೇ: ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ಇದು ಹೇಗಿರುತ್ತದೆ?

ಯಾವ ಹಾವು: ಕಾಯ್ದೆ ಏನು ಹೇಳುತ್ತದೆ

ನಮ್ಮ ನೆಲದ ಹಾವುಗಳ ಮಾತು ಬೇಡವೇ ಬೇಡ. ನಾಗರ, ಕೇರೆ, ಹೆಬ್ಬಾವು, ‘ಎರಡು ತಲೆ ಹಾವು’ ಅಂತ ಲಕ್ಷಗಟ್ಟಲೆ ಬೆಲೆ ಹೇಳಿ ಟೋಪಿ ಹಾಕುವ ಮಣ್ಣುಮುಕ್ಕ, ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ.

ಹೊರದೇಶದ ವಿಷರಹಿತ ಜಾತಿಗಳಲ್ಲೂ ವ್ಯತ್ಯಾಸವಿದೆ. ಆಫ್ರಿಕಾದ ಬಾಲ್ ಪೈಥಾನ್ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅದು ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೂ ಸೇರಿದೆ. ಅಂಥ ಪ್ರಾಣಿ ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ಅಲ್ಲೇ ತಿಳಿಸಬೇಕು. ಕರ್ನಾಟಕದಲ್ಲಿ ಇದರ ಹೊಣೆ ಮುಖ್ಯ ವನ್ಯಜೀವಿ ಪರಿಪಾಲಕರದು. ಅರಣ್ಯ ಇಲಾಖೆಯ ಕೇಂದ್ರ ಕಚೇರಿ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಅಮೆರಿಕದ ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ, ಹಾಗಾಗಿ ಈ ನೋಂದಣಿ ಅದಕ್ಕೆ ಅನ್ವಯಿಸುವುದಿಲ್ಲ. ಆದರೂ ಎಲ್ಲಿಂದ ಬಂತು ಅನ್ನುವ ಬಿಲ್ಲು ಕೈಯಲ್ಲಿರಲಿ. ಕಾಗದವಿಲ್ಲದ ಬಾಲ್ ಪೈಥಾನ್ ಅರ್ಧ ಬೆಲೆಗೆ ಸಿಕ್ಕರೂ ತರಬೇಡಿ. ಅದರ ಮರಿಗಳನ್ನು ನೋಂದಾಯಿಸುವ ದಾರಿಯೇ ಇರುವುದಿಲ್ಲ.

ಇಬ್ಬರಲ್ಲಿ ಯಾರು ಮೇಲು? ಜಾಗ ಕಡಿಮೆ ಇದ್ದು ಊಟದ ತಕರಾರು ಬೇಡ ಅನ್ನುವವರಿಗೆ ಕಾರ್ನ್. ಆದರೆ ಒಂದು ಸಲಕ್ಕೆ 10ರಿಂದ 20 ಮೊಟ್ಟೆ, ಪೆನ್ಸಿಲಿನಷ್ಟೇ ದಪ್ಪದ ಮರಿಗಳು, ಕೂದಲೆಳೆ ಸಂದಿಯಲ್ಲೂ ಪರಾರಿ. ಬಾಲ್ ಪೈಥಾನ್ ಇಡುವುದು ನಾಲ್ಕರಿಂದ ಎಂಟು ಮೊಟ್ಟೆ. ಮರಿ ದಪ್ಪ, ಸ್ವಭಾವ ಸಾಧು. ಆದರೆ ತಿಂಗಳುಗಟ್ಟಲೆ ಊಟ ಬಿಟ್ಟು ಸಾಕುವವರ ನಿದ್ದೆ ಕೆಡಿಸುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ.

ಟೆರೇಸ್ ರೂಮೋ, ಕೆಳಗಿನ ರೂಮೋ

ಸ್ವಂತ ಮನೆಯವರೆಲ್ಲ ಮೊದಲು ಕಣ್ಣು ಹಾಕುವುದು ಟೆರೇಸ್ ಮೇಲಿನ ಒಂಟಿ ರೂಮಿಗೆ. ಬೇರೆ ಬಾಗಿಲು, ವಾಸನೆಯ ಗಲಾಟೆಯಿಲ್ಲ, ಮನೆಗೆ ಬಂದವರ ಕಣ್ಣಿಗೂ ಬೀಳುವುದಿಲ್ಲ. ಎಲ್ಲ ಸರಿ, ಏಪ್ರಿಲ್ ಒಂದನ್ನು ಬಿಟ್ಟು. ನೆರಳಿಲ್ಲದ ಆರ್‌ಸಿಸಿ ಸ್ಲ್ಯಾಬು ಹಗಲಿಡೀ ಕುಡಿದ ಬಿಸಿಯನ್ನು ರಾತ್ರಿ ಹತ್ತು ಹನ್ನೊಂದರವರೆಗೂ ಒಳಗೆ ಬಿಡುತ್ತಲೇ ಇರುತ್ತದೆ. ಬಾಲ್ ಪೈಥಾನ್‌ಗೆ ಬಿಸಿ ಮೂಲೆಯಲ್ಲಿ 31-32 ಹೇಗೆ ಬೇಕೋ, ಹಾಗೇ ತಣ್ಣನೆಯ ಮೂಲೆಯಲ್ಲಿ 25-27 ಬೇಕು. ಕೋಣೆಯೇ 34 ಆದಾಗ ತಣ್ಣನೆಯ ಮೂಲೆ ಅನ್ನುವುದೇ ಇಲ್ಲ. ಕಾರ್ನ್ ಸ್ನೇಕ್‌ಗಂತೂ 32ರ ಮೇಲೆ ದಿನಗಟ್ಟಲೆ ಇರಿಸಿದರೆ ಜೀವಕ್ಕೇ ಸಂಚಕಾರ. ಶೀಟ್ ಹೊದಿಸಿದ ರೂಮಾದರೆ ಮುಂದೆ ಯೋಚಿಸಲೇಬೇಡಿ. ಆರ್‌ಸಿಸಿ ರೂಮಾದರೆ ಸ್ಲ್ಯಾಬಿಗೆ ಬಿಸಿಲು ತಿರುಗಿಸುವ ಬಿಳಿ ಬಣ್ಣ ಬಳಿದು, ಅದರ ಮೇಲೆ ಎರಡಡಿ ಎತ್ತರದಲ್ಲಿ ಶೇಡ್ ನೆಟ್ ಕಟ್ಟಿ, ಒಳಗೆ ಫಾಲ್ಸ್ ಸೀಲಿಂಗಿನ ಮೇಲೆ 50 ಮಿ.ಮೀ. ಥರ್ಮೋಕೋಲ್ ಹಾಸಬಹುದು. ಇಷ್ಟೆಲ್ಲ ಮಾಡಿಯೂ ಮಧ್ಯಾಹ್ನ 31 ದಾಟಿದರೆ ಆ ರೂಮು ಹಾವಿಗಲ್ಲ.

ನಮ್ಮ ಮೊದಲ ಆಯ್ಕೆ ನೆಲಮಹಡಿಯಲ್ಲಿ, ಅಥವಾ ಮೇಲೊಂದು ಮಹಡಿ ಇರುವ ಕಡೆ, ಉತ್ತರಕ್ಕೋ ಪೂರ್ವಕ್ಕೋ ಮುಖ ಮಾಡಿದ 8×10 ಅಡಿಯ ಚಿಕ್ಕ ಕೋಣೆ. ನೋಡಲು ಮಂಕು, ಆದರೆ ವರ್ಷವಿಡೀ 20ರಿಂದ 30ರೊಳಗೆ ಆಡುತ್ತದೆ. ಇದರ ತೊಂದರೆ ಬೇರೆ ಬಗೆಯದು: ಮಳೆಗಾಲದಲ್ಲಿ ಗೋಡೆ ತೇವ ಹೀರುತ್ತದೆ, ಬೂಷ್ಟು ಹಿಡಿಯುತ್ತದೆ, ಇರುವೆ ಸಾಲು ಬರುತ್ತದೆ. ಇರುವೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಸೀಳಿದ ಮೊಟ್ಟೆಯಲ್ಲಿ ತಲೆ ಹೊರಹಾಕಿ ಕೂತ ಮರಿಯನ್ನು ಅವು ಬಿಡುವುದಿಲ್ಲ. ರ‍್ಯಾಕಿನ (ಹಾವಿನ ಟಬ್ಬುಗಳನ್ನು ಸಾಲಾಗಿ ಕೂರಿಸುವ ಅಂತಸ್ತಿನ ಚೌಕಟ್ಟಿನ) ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಡಿ, ಗೋಡೆಯಿಂದ ನಾಲ್ಕು ಇಂಚು ದೂರ ನಿಲ್ಲಿಸಿ. ಇರುವೆ ಪುಡಿ, ಜಿರಳೆ ಸ್ಪ್ರೇ, ಸೊಳ್ಳೆ ಬತ್ತಿ, ನುಸಿಗುಳಿಗೆ ಯಾವುದೂ ಆ ಕೋಣೆಗೆ ಸುಳಿಯಬಾರದು. ನೆಲ ಒರೆಸಲು ಫಿನಾಯಿಲ್ ಕೂಡ ಬೇಡ, ಅದರಲ್ಲಿನ ಫಿನಾಲ್ ಸರೀಸೃಪಗಳಿಗೆ ವಿಷ. ಟಬ್ ತೊಳೆಯಲು ಕ್ಲೋರ್‌ಹೆಕ್ಸಿಡಿನ್ ದ್ರಾವಣ ಸಾಕು. ತೊಳೆಯುವುದು ಯುಟಿಲಿಟಿಯಲ್ಲಿ, ಹಾವಿನ ಮಲದಲ್ಲಿ ಸಾಲ್ಮೊನೆಲ್ಲಾ ಇರಬಹುದಾದ್ದರಿಂದ ಅಡುಗೆಮನೆ ಸಿಂಕಿನಲ್ಲಿ ಖಂಡಿತ ಅಲ್ಲ.

ಅಪಾರ್ಟ್‌ಮೆಂಟಿನ ನಡುಮಹಡಿಯ ರೂಮು ತಾಪದ ದೃಷ್ಟಿಯಿಂದ ಇದಕ್ಕೆ ಸಮ, ಪಶ್ಚಿಮದ ಗೋಡೆ ಹೊರಗೋಡೆ ಆಗಿರದಿದ್ದರೆ. ಡಿಸೆಂಬರಿನಲ್ಲಿ ಮನೆ ನೋಡಲು ಹೋದವರಿಗೆ ಏಪ್ರಿಲ್ ಕಾಣುವುದಿಲ್ಲ, ನಿಜ. ಬಿಸಿಲಿರುವ ದಿನ ಸಂಜೆ ನಾಲ್ಕಕ್ಕೆ ಇನ್‌ಫ್ರಾರೆಡ್ ಗನ್ (ಮುಟ್ಟದೆ ತಾಪ ತೋರಿಸುವ ಮಾಪಕ) ಹಿಡಿದು ಒಳಗೋಡೆಗಳನ್ನೂ ಸೂರನ್ನೂ ಅಳೆಯಿರಿ. ಯಾವುದಾದರೂ ಒಂದು ಗೋಡೆ ಉಳಿದವಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು ತೋರಿಸಿದರೆ ಬೇಸಗೆಯಲ್ಲಿ ಒಲೆಯಾಗುವುದು ಅದೇ ಗೋಡೆ. ಬಾಡಿಗೆಯವರು ಮಾಲೀಕರಿಗೆ ಹೇಳದೆ ಶುರು ಮಾಡಬಾರದು. ತಪ್ಪಿಸಿಕೊಂಡ ಕಾರ್ನ್ ಸ್ನೇಕ್ ಪಕ್ಕದ ಫ್ಲಾಟಿನ ಬಾತ್‌ರೂಮಿನಲ್ಲಿ ಕಂಡರೆ ಅಲ್ಲಿಯವರಿಗೆ ಅದು ಹಾವು, ಅಷ್ಟೇ. ಕೈಗೆ ಸಿಕ್ಕಿದ್ದು ತಗೊಂಡು ಹೊಡೆಯುತ್ತಾರೆ.

ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನಲ್ಲಿ ತಾಪ ಬಹಳ ಸ್ಥಿರ, ಆದರೆ ಗಾಳಿಯಿಲ್ಲ. ಅದು ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ) ಇಡಲು ಹೇಳಿ ಮಾಡಿಸಿದ ಜಾಗ. ಗಾಜು ಹಾಕಿ ಮುಚ್ಚಿದ ಬಾಲ್ಕನಿ ಯಾವುದಕ್ಕೂ ಆಗದು.

ಯಾವ ಕೋಣೆಯಾದರೂ ಹಾವು ತರುವ ಮೊದಲು ಸಂದಿ ಮುಚ್ಚಬೇಕು. ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಕಿಟಕಿಗೆ ನೈಲಾನ್ ಬಿಟ್ಟು ಸ್ಟೀಲ್ ಜಾಲರಿ, ನೆಲದ ಜಾಲಿಗೆ ಸಣ್ಣ ಕಣ್ಣಿನ ಮುಚ್ಚಳ. ಎಸಿ ಪೈಪಿನ ತೂತು, ಬಾಯಿ ತೆರೆದ ಸ್ವಿಚ್‌ಬೋರ್ಡ್ ಪೈಪು, ಅಟ್ಟದ ಹಿಂಬದಿ, ಈ ಮೂರನ್ನೇ ಎಲ್ಲರೂ ಮರೆಯುವುದು.

ಇಡೀ ಕೋಣೆಗೆ ಬಿಸಿಯೋ, ರ‍್ಯಾಕಿಗೆ ಮಾತ್ರವೋ

ಕೋಣೆಯನ್ನೇ 27-28ಕ್ಕೆ ಏರಿಸಿ ಇಟ್ಟರೆ ಕೆಲಸ ಸರಳ: ಒಂದು ಆಯಿಲ್ ಹೀಟರ್, ಒಂದು ಥರ್ಮೋಸ್ಟಾಟ್ (ತಾಪ ನೋಡಿ ಬಿಸಿಯನ್ನು ಹತ್ತಿಸಿ ಆರಿಸುವ ಕಂಟ್ರೋಲರ್), ಒಂದು ಸಣ್ಣ ಫ್ಯಾನ್. ನೂರಾರು ಹಾವು ಇಟ್ಟವರಿಗೆ ಇದೇ ಸರಿ. ಆದರೆ ಇದರಲ್ಲಿ ಮೂರು ತೊಡಕು. ಬಿಸಿ ಗಾಳಿ ಮೇಲೇರುವುದರಿಂದ ರ‍್ಯಾಕಿನ ಮೇಲಿನ ಅಂತಸ್ತಿಗೂ ಕೆಳಗಿನದಕ್ಕೂ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಬರುತ್ತದೆ. ಫ್ಯಾನ್ ಸದಾ ತಿರುಗುತ್ತಿರಬೇಕು. ಎರಡು, ಗಾಳಿ ಒಣಗುತ್ತದೆ. ಮೂರು, ಬಿಲ್ಲು. 2,000 ವಾಟಿನ ಹೀಟರ್ ಚಳಿಗಾಲದಲ್ಲಿ ದಿನಕ್ಕೆ ಒಟ್ಟು ಐದೇ ಗಂಟೆ ಉರಿದರೂ 10 ಯೂನಿಟ್, ತಿಂಗಳಿಗೆ 300.

ರ‍್ಯಾಕಿನ ಪ್ರತಿ ಅಂತಸ್ತಿನ ಹಿಂಬದಿಗೆ ಹೀಟ್ ಟೇಪ್ (ಕರೆಂಟಿನಿಂದ ಕಾಯುವ ತೆಳು ಪಟ್ಟಿ) ಎಳೆದರೆ ಲೆಕ್ಕ ಬೇರೆ. ಅಂತಸ್ತಿಗೆ 30 ವಾಟ್ ಹಿಡಿದರೆ ಎಂಟು ಅಂತಸ್ತಿಗೆ 240 ವಾಟ್. ಚಳಿಗಾಲದಲ್ಲಿ ಅರ್ಧ ಹೊತ್ತು ಉರಿಯುತ್ತದೆ ಅಂದುಕೊಂಡರೆ ದಿನಕ್ಕೆ ಮೂರು ಯೂನಿಟ್‌ಗಿಂತ ಕಡಿಮೆ, ತಿಂಗಳಿಗೆ 86ರ ಸುತ್ತ. ಏಪ್ರಿಲ್‌ನಲ್ಲಿ ಬಹುತೇಕ ಆರಿರುತ್ತದೆ. ಗೃಹಜ್ಯೋತಿ ಇರುವ ಮನೆಯಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ಕಟ್ಟಬೇಕು. ಆಯಿಲ್ ಹೀಟರ್ ಒಂದೇ ಆ ಗೆರೆ ದಾಟಿಸುತ್ತದೆ.

ಇನ್ನೊಂದು ಕಾರಣಕ್ಕೂ ನಾವು ರ‍್ಯಾಕ್ ಬಿಸಿಯ ಪರ. ಕಾರ್ನ್ ಸ್ನೇಕ್‌ಗೆ ಚಳಿಗಾಲದಲ್ಲಿ ತಂಪು ಬೇಕು, ಬಾಲ್ ಪೈಥಾನ್‌ಗೆ ರಾತ್ರಿ ಎರಡು ಮೂರು ಡಿಗ್ರಿ ಇಳಿದರೆ ಸಾಕು. ಎರಡೂ ಒಂದೇ ಕೋಣೆಯಲ್ಲಿದ್ದರೆ ಪ್ರತಿ ರ‍್ಯಾಕಿಗೂ ಬೇರೆ ಬೇರೆ ಬಿಸಿ ಇದ್ದಾಗ ಮಾತ್ರ ಇದು ಸಾಧ್ಯ. ಕಾರ್ನ್‌ಗೆ ವಾಡಿಕೆಯ ಶೀತನಿದ್ರೆ 10-15 ಡಿಗ್ರಿಯಲ್ಲಿ ಎರಡು ಮೂರು ತಿಂಗಳು. ಬೆಂಗಳೂರಿನ ಕೋಣೆ ಕೊಡುವುದು 18-22 ಮಾತ್ರ. ಇದು ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿ. ಹೊಟ್ಟೆಯಲ್ಲಿ ಇಲಿ ಇದ್ದಾಗ ಈ ತಾಪಕ್ಕೆ ಇಳಿಸಿದರೆ ಜೀರ್ಣವಾಗದೆ ಒಳಗೇ ಕೊಳೆಯುತ್ತದೆ. ಊಟ ನಿಲ್ಲಿಸಿ ಎರಡು ವಾರ ಬಿಸಿಯಲ್ಲೇ ಇಟ್ಟು, ಆಮೇಲೆ ಟೇಪ್ ಆರಿಸಿ. ಎಷ್ಟೋ ಕಾರ್ನ್‌ಗಳು ಈ ಅರೆ ತಂಪಿಗೇ, ಕೆಲವು ತಂಪೇ ಇಲ್ಲದೆಯೂ, ಜೋಡಿಯಾಗುತ್ತವೆ. ಅದಕ್ಕಾಗಿ ಫ್ರಿಜ್ಜು ಕೊಳ್ಳುವ ಮೊದಲು ಒಂದು ವರ್ಷ ಹೀಗೇ ನೋಡುವುದು ಮೇಲು.

ಟೇಪ್ ಕೊಳ್ಳುವಾಗ ಮೇಲೆ ಮುದ್ರಿಸಿದ ವೋಲ್ಟೇಜ್ ಓದಿ. ಅಮೆರಿಕದಿಂದ ತರಿಸಿದ್ದು 110-120 ವೋಲ್ಟಿನದಾಗಿದ್ದರೆ ನಮ್ಮ 230ಕ್ಕೆ ಹಾಕಿದ ಕೂಡಲೇ ಸುಮಾರು ನಾಲ್ಕು ಪಟ್ಟು ಕಾಯುತ್ತದೆ, ಪ್ಲೈವುಡ್ ಕರಕಲಾಗುತ್ತದೆ. ಟೇಪನ್ನು ಒಂದರ ಮೇಲೊಂದು ಮಡಿಸಬಾರದು, ಕತ್ತರಿಸಿದ ತುದಿಯನ್ನು ಇನ್ಸುಲೇಶನ್ ಹಾಕಿ ಮುಚ್ಚಬೇಕು. ಈ ಕೋಣೆಗೇ ಬೇರೆ ಎಂಸಿಬಿ, ಕರೆಂಟು ಸೋರಿದರೆ ತಾನೇ ಕತ್ತರಿಸುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ನೀರಿನ ಬಟ್ಟಲೂ ಕರೆಂಟೂ ಒಂದೇ ಅಂತಸ್ತಿನಲ್ಲಿವೆ ಅನ್ನುವುದು ನೆನಪಿರಲಿ.

ಥರ್ಮೋಸ್ಟಾಟ್: ಅಗ್ಗದ್ದು ಎರಡು ಬೇಕು

ಎಸ್.ಪಿ. ರಸ್ತೆಯಲ್ಲಿ ಸಿಗುವ ಎಸ್‌ಟಿಸಿ-1000 ಬಗೆಯ ಆನ್-ಆಫ್ ಕಂಟ್ರೋಲರ್, ಹೊರದೇಶದ ಪ್ರೊಪೋರ್ಷನಲ್ ಥರ್ಮೋಸ್ಟಾಟ್, ಇವೆರಡರ ನಡುವೆ ಬೆಲೆಯ ಅಂತರ ದೊಡ್ಡದು. ಪ್ರೊಪೋರ್ಷನಲ್ ಆದದ್ದು ಕರೆಂಟನ್ನು ಬೇಕಾದಷ್ಟೇ ಬಿಡುತ್ತದೆ, ತಾಪ ಅಲುಗುವುದಿಲ್ಲ. ಆನ್-ಆಫ್ ಒಂದು ಡಿಗ್ರಿ ಮೇಲೆ ಕೆಳಗೆ ತೂಗಾಡುತ್ತದೆ. ದೊಡ್ಡ ಹಾವಿನ ರ‍್ಯಾಕಿಗೆ ಈ ತೂಗಾಟದಿಂದ ಏನೂ ಕೆಡುವುದಿಲ್ಲ. ಕೆಡುವುದು ಅದರೊಳಗಿನ ರಿಲೇ, ಅಂದರೆ ಕರೆಂಟು ಹಾಕಿ ತೆಗೆಯುವ ಸ್ವಿಚ್ಚು. ದಿನಕ್ಕೆ ನೂರಾರು ಸಲ ಟಿಕ್ ಟಿಕ್ ಎಂದು ಒಂದು ದಿನ ಆನ್ ಆದಲ್ಲೇ ಅಂಟಿಕೊಳ್ಳುತ್ತದೆ. ಪರದೆಯ ಮೇಲೆ 38 ಎಂದು ತೋರಿಸುತ್ತಲೇ ಟೇಪ್ ಉರಿಯುತ್ತಿರುತ್ತದೆ. ಅದಕ್ಕೇ ಅಗ್ಗದ್ದನ್ನು ಕೊಳ್ಳುವುದಾದರೆ ಎರಡು ಕೊಂಡು ಸರಣಿಯಲ್ಲಿ ಜೋಡಿಸಿ: ಮೊದಲನೆಯದು 32ಕ್ಕೆ, ಅದರ ಮುಂದಿನದು 35ಕ್ಕೆ. ಒಂದು ಅಂಟಿದರೆ ಇನ್ನೊಂದು ಕತ್ತರಿಸುತ್ತದೆ. ಇನ್‌ಕ್ಯುಬೇಟರ್‌ಗೆ ಮಾತ್ರ ಪ್ರೊಪೋರ್ಷನಲ್ ಕೊಂಡರೆ ದುಡ್ಡು ದಂಡವಲ್ಲ.

ಪ್ರೋಬ್ (ತಾಪ ಅಳೆಯುವ ವೈರಿನ ತುದಿ) ಎಲ್ಲಿ ಕೂರಿಸುತ್ತೀರಿ ಅನ್ನುವುದು ಕಂಟ್ರೋಲರಿನ ಬೆಲೆಗಿಂತ ಮುಖ್ಯ. ಟಬ್ ಒಳಗೆ ಇಟ್ಟರೆ ಹಾವು ಅದನ್ನು ನೀರಿನ ಬಟ್ಟಲಿಗೆ ತಳ್ಳುತ್ತದೆ. ತಣ್ಣಗಾದ ಪ್ರೋಬ್ ನೋಡಿ ಕಂಟ್ರೋಲರ್ ಬಿಸಿಯನ್ನು ಏರಿಸುತ್ತಲೇ ಹೋಗುತ್ತದೆ. ಪ್ರೋಬನ್ನು ಟೇಪಿನ ಮೇಲೆಯೇ, ಟಬ್ ತಳಕ್ಕೂ ಟೇಪಿಗೂ ನಡುವೆ, ಅಲ್ಯುಮಿನಿಯಂ ಅಂಟುಪಟ್ಟಿ ಹಾಕಿ ಗಟ್ಟಿ ಮಾಡಿ. ಟಬ್ ಎಳೆದು ತಳ್ಳುವಾಗ ವೈರು ಸಿಕ್ಕಿ ಬರದಂತೆ ಹಿಂಬದಿಗೆ ಕ್ಲಿಪ್ ಹಾಕಿ. ಅಲ್ಲಿ 34 ಓದಿದಾಗ ಟಬ್ ಒಳಗಿನ ನೆಲ ಎಷ್ಟಿದೆ ಎಂದು ಇನ್‌ಫ್ರಾರೆಡ್ ಗನ್ನಿನಿಂದ ನೋಡಿ, ಒಳಗೆ 31-32 ಬರುವಂತೆ ಸಂಖ್ಯೆ ಹೊಂದಿಸಿಕೊಳ್ಳಿ; ಎರಡನೇ ಕಂಟ್ರೋಲರನ್ನೂ ಅದೇ ಲೆಕ್ಕದಲ್ಲಿ ಮೂರು ಡಿಗ್ರಿ ಮೇಲಕ್ಕೆ ಒಯ್ಯಿರಿ. ಹಾಸು ದಪ್ಪವಾದಂತೆ ಈ ಅಂತರ ಬದಲಾಗುತ್ತದೆ, ಹಾಗಾಗಿ ಹಾಸು ಬದಲಿಸಿದಾಗೆಲ್ಲ ಮತ್ತೆ ಅಳೆಯಬೇಕು.

ಟಬ್ ರ‍್ಯಾಕೋ, ಅಗಲದ ಗೂಡೋ

ಇಲ್ಲಿ ಸಾಕುವವರಲ್ಲೇ ಎರಡು ಪಂಗಡ. ಟಬ್ ರ‍್ಯಾಕಿನಲ್ಲಿ 3×3 ಅಡಿ ಜಾಗದಲ್ಲಿ ಎಂಟು ಹತ್ತು ದೊಡ್ಡ ಹಾವು ಹಿಡಿಸುತ್ತದೆ, ತೇವ ನಿಲ್ಲುತ್ತದೆ, ಶುಚಿ ಮಾಡುವುದು ಐದು ನಿಮಿಷದ ಕೆಲಸ. ಮೂರೂ ಬದಿ ಮುಚ್ಚಿದ ಇಕ್ಕಟ್ಟಿನಲ್ಲಿ ಬಾಲ್ ಪೈಥಾನ್ ನಿರಾತಂಕವಾಗಿ ಉಣ್ಣುತ್ತದೆ ಅನ್ನುವುದೂ ನಿಜ. ಆದರೆ ನಾಲ್ಕಡಿ ಹೆಣ್ಣು ವರ್ಷವಿಡೀ ಮೈ ಪೂರ್ತಿ ಚಾಚಲಾಗದ ಟಬ್ಬಿನಲ್ಲೇ ಇರಬೇಕೆ? ನಮ್ಮ ಅಭಿಪ್ರಾಯದಲ್ಲಿ ಬೇಡ. ದೊಡ್ಡವಕ್ಕೆ 4×2×2 ಅಡಿಯ ಪಿವಿಸಿ ಗೂಡು, ಎರಡು ಅಡಗುತಾಣ, ಏರಲು ಒಂದು ಕೊಂಬೆ. ಮರಿಗಳಿಗೂ ಊಟದ ತಂಟೆ ಮಾಡುವವಕ್ಕೂ ರ‍್ಯಾಕ್. 10×10 ಕೋಣೆಯಲ್ಲಿ ಹೀಗೆ ಆರು ದೊಡ್ಡ ಗೂಡು, ಒಂದು ಮರಿ ರ‍್ಯಾಕ್ ಹಿಡಿದರೆ ಓಡಾಡಲು ಜಾಗ ಉಳಿಯುತ್ತದೆ. ಇಪ್ಪತ್ತು ಹಾವು ಇಡಲೇಬೇಕು ಅನ್ನುವವರಿಗೆ ಈ ಲೆಕ್ಕ ಹಿಡಿಸುವುದಿಲ್ಲ. ಅವರು ಹಾವು ಕಡಿಮೆ ಮಾಡಲಿ ಅನ್ನುವುದೇ ನಮ್ಮ ಸಲಹೆ.

ಬಾಗಿಲಿರುವ ಗಾಜಿನ ಟ್ಯಾಂಕು ನೋಡಲು ಚೆನ್ನ, ಮರಿ ಮಾಡಿಸುವ ಕೋಣೆಗಲ್ಲ. ಮೇಲಿನ ಜಾಲರಿಯಿಂದ ತೇವವೆಲ್ಲ ಹೋಗುತ್ತದೆ. ಮಾರ್ಚ್ ಮಧ್ಯಾಹ್ನ ಬೆಂಗಳೂರಿನ ಗಾಳಿಯಲ್ಲಿ ತೇವಾಂಶ ಶೇ. 30ರ ಕೆಳಗೂ ಹೋಗುತ್ತದೆ. ಬಾಲ್ ಪೈಥಾನ್‌ಗೆ 55-65, ಪೊರೆ ಬಿಡುವಾಗ 70. ಒಣಗಿದರೆ ಪೊರೆ ತುಂಡು ತುಂಡಾಗಿ ಬರುತ್ತದೆ, ಬಾಲದ ತುದಿಯಲ್ಲಿ ಉಂಗುರದಂತೆ ಉಳಿದು ರಕ್ತ ಓಡದೆ ತುದಿ ಸಾಯುತ್ತದೆ.

ರ‍್ಯಾಕ್ ಮಾಡಿಸುವವರು ಮೊದಲು ಟಬ್ ಕೊಂಡು, ಅದನ್ನು ಬಡಗಿಯ ಕೈಗೆ ಕೊಟ್ಟು ಅಳತೆ ತೆಗೆಸಬೇಕು. ಮುಚ್ಚಳವಿಲ್ಲದ ರ‍್ಯಾಕಿನಲ್ಲಿ ಟಬ್ಬಿನ ಅಂಚಿಗೂ ಮೇಲಿನ ಹಲಗೆಗೂ ನಡುವೆ ಒಂದೆರಡು ಮಿ.ಮೀ. ಮಾತ್ರ ಇರಬೇಕು. 18 ಮಿ.ಮೀ. ಪಿವಿಸಿ ಫೋಮ್ ಬೋರ್ಡಿಗೆ ನೀರು ತಾಗಿದರೆ ಏನೂ ಆಗುವುದಿಲ್ಲ, ಆದರೆ ಮೂರಡಿ ಉದ್ದಕ್ಕೆ ಆಧಾರವಿಲ್ಲದೆ ಹಾಕಿದರೆ ಬಿಸಿಗೆ ಬಳುಕುತ್ತದೆ. ಮೇಲೆ ಸಂದಿ ಬಾಯಿ ಬಿಡುತ್ತದೆ, ಕೆಳಗೆ ಟಬ್ ಸಿಕ್ಕಿಕೊಳ್ಳುತ್ತದೆ. ನಡುವೆ ಒಂದು ಅಡ್ಡಪಟ್ಟಿ ಬೇಕೇ ಬೇಕು. ಪ್ಲೈವುಡ್ ಬಳುಕುವುದಿಲ್ಲ, ಆದರೆ ಮಳೆಗಾಲದಲ್ಲಿ ಉಬ್ಬುತ್ತದೆ. ಅಂಚುಗಳಿಗೂ ಸೇರಿಸಿ ಲ್ಯಾಮಿನೇಟ್ ಹಾಕಿಸಬೇಕು. ಕಾರ್ನ್ ಮರಿಗಳಿಗೆ ಇಂಥ ರ‍್ಯಾಕ್ ಬೇಡ, ಚಿಲಕವಿರುವ ಮುಚ್ಚಳದ ಡಬ್ಬಿಯೇ ಇರಲಿ.

ಗೂಡಿನ ತಳಕ್ಕೆ ಹಾಸಲು ನಮ್ಮ ಕಡೆ ತೆಂಗಿನ ಸಿಪ್ಪೆಯ ಚಿಪ್ಸ್‌ಗಿಂತ ಒಳ್ಳೆಯದಿಲ್ಲ, ಅಗ್ಗವೂ ಹೌದು. ಕೊಕೊಪೀಟನ್ನು ಎರಡು ಮೂರು ಸಲ ನೀರಲ್ಲಿ ತೊಳೆದು ಉಪ್ಪು ತೆಗೆದು ಹಾಕಿ. ಪುಡಿಯಾಗಿ ಒಣಗಲು ಬಿಡಬೇಡಿ. ವೃತ್ತಪತ್ರಿಕೆ ಹೊಸ ಹಾವಿಗೆ ಸರಿ, ಏಕೆಂದರೆ ಅದರ ಮೇಲೆ ನುಸಿ ಕಾಣಿಸುತ್ತದೆ.

ಮೊಟ್ಟೆಗೆ: ತಾಯಿಯೋ, ಥರ್ಮೋಕೋಲ್ ಪೆಟ್ಟಿಗೆಯೋ, ವೈನ್ ಕೂಲರೋ

ಬಾಲ್ ಪೈಥಾನ್ ತಾಯಿ ತಾನೇ ಮೊಟ್ಟೆ ಸುತ್ತಿ ಕೂರುತ್ತಾಳೆ. ಅವಳಿಗೆ ಬಿಟ್ಟರೆ ಕೆಲಸವೂ ಇಲ್ಲ, ಪೆಟ್ಟಿಗೆಯೂ ಬೇಡ. ಆದರೆ ಎರಡು ತಿಂಗಳು ಊಟವಿಲ್ಲದೆ ಸೊರಗುತ್ತಾಳೆ, ಮುಂದಿನ ವರ್ಷ ಮೊಟ್ಟೆ ಇಡದಿರಬಹುದು. ಕೋಣೆಯ ತೇವ 80ರ ಕೆಳಗೆ ಹೋದರೆ ಮೊಟ್ಟೆ ಕುಳಿ ಬೀಳುತ್ತವೆ. 1,500 ಗ್ರಾಂಗಿಂತ ಕಡಿಮೆ ತೂಕದ ಹೆಣ್ಣನ್ನು ಜೋಡಿ ಬಿಡುವುದೇ ತಪ್ಪು; ಅದನ್ನು ದಾಟಿ ಮೈತುಂಬಿಕೊಂಡಿದ್ದರೆ ಮಾತ್ರ ಈ ದಾರಿ.

ಥರ್ಮೋಕೋಲ್ ಅಥವಾ ಹಳೆಯ ಫ್ರಿಜ್ಜಿನ ಪೆಟ್ಟಿಗೆಗೆ ಒಂದಿಷ್ಟು ಹೀಟ್ ಟೇಪ್, 12 ವೋಲ್ಟಿನ ಕಂಪ್ಯೂಟರ್ ಫ್ಯಾನ್, ತಾಪ ಹಿಡಿದಿಡಲು ನಾಲ್ಕು ನೀರಿನ ಬಾಟಲಿ ಹಾಕಿದರೆ ಇನ್‌ಕ್ಯುಬೇಟರ್ ತಯಾರು. ಜನ ಮರೆಯುವುದು ಒಂದೇ: ಇದು ಬಿಸಿ ಕೊಡಬಲ್ಲುದು, ತಂಪು ಕೊಡಲಾರದು. ಹೊರಗಿನ ಕೋಣೆ 34 ಆದರೆ ಒಳಗೂ ನಿಧಾನವಾಗಿ 34. ಮೆಟ್ಟಿಲ ಕೆಳಗಿನ ಸ್ಟೋರ್ ಬೇಕಾಗುವುದು ಇಲ್ಲೇ. ಅಂಥ ಜಾಗವಿಲ್ಲದವರು ಪೆಲ್ಟಿಯರ್ ಬಗೆಯ (ಕಂಪ್ರೆಸರ್ ಇಲ್ಲದೆ ತಂಪು ಮಾಡುವ) ಸಣ್ಣ ವೈನ್ ಕೂಲರ್ ಕೊಂಡು ಒಳಗೆ ಟೇಪ್ ಎಳೆದು, ಒಂದೇ ಕಂಟ್ರೋಲರಿನ ಬಿಸಿ ಹಾಗೂ ತಂಪು ಎರಡೂ ಔಟ್‌ಪುಟ್‌ಗೆ ಜೋಡಿಸಬಹುದು. ಎಸ್‌ಟಿಸಿ-1000ಕ್ಕೆ ಎರಡೂ ಇವೆ. ಕಾರ್ನ್ ಮೊಟ್ಟೆಗೆ 27-29 ಬೇಕಾದ್ದರಿಂದ ಏಪ್ರಿಲ್-ಮೇ ತಿಂಗಳಲ್ಲಿ ಕಾರ್ನ್ ಮರಿ ಮಾಡಿಸುವವರಿಗೆ ಇದು ಅನಿವಾರ್ಯ ಅಂತಲೇ ಹೇಳಬೇಕು.

ಪೆಟ್ಟಿಗೆ ಯಾವುದಾದರೂ ಮೊಟ್ಟೆ ಇಡುವ ಡಬ್ಬಿ ಒಂದೇ ಬಗೆ. ಐದಾರು ಲೀಟರಿನ ಗಾಳಿಯಾಡದ ಡಬ್ಬಿಯ ತಳದಲ್ಲಿ ನೆನೆಸಿದ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ (ನೀರು ಹಿಡಿದಿಡುವ ಹಗುರ ಖನಿಜ ಹರಳು), ಅದರ ಮೇಲೆ ಒಂದೆರಡು ಸೆಂ.ಮೀ. ಎತ್ತರದಲ್ಲಿ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಮೊಟ್ಟೆ. ನೀರು ಮೊಟ್ಟೆಗೆ ನೇರ ತಾಗಬಾರದು. ಮುಚ್ಚಳದ ಒಳಬದಿಯಲ್ಲಿ ಹನಿಗಟ್ಟಿ ಒಂದೇ ಮೊಟ್ಟೆಯ ಮೇಲೆ ತೊಟ್ಟಿಕ್ಕುತ್ತಿದ್ದರೆ ಅಷ್ಟೇ ಜಾಗ ಹಳದಿಯಾಗಿ, ಆಮೇಲೆ ಹಸಿರು ಬೂಷ್ಟು ಬರುತ್ತದೆ. ಡಬ್ಬಿಯನ್ನು ಸ್ವಲ್ಪ ಓರೆಯಾಗಿ ಇಟ್ಟರೆ ಹನಿ ಬದಿಗೆ ಹರಿಯುತ್ತದೆ. ಒಂದಕ್ಕೊಂದು ಅಂಟಿದ ಮೊಟ್ಟೆಗಳನ್ನು ಬಿಡಿಸಲು ಹೋಗಬೇಡಿ. ಇಟ್ಟಾಗ ಮೇಲಿದ್ದ ಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಹೊರಳಿಸದೆ ಹಾಗೆಯೇ ಎತ್ತಿ. ಪ್ರೋಬ್ ಇರಬೇಕಾದ್ದು ಡಬ್ಬಿಯೊಳಗೆ, ಏಕೆಂದರೆ ಕೊನೆಯ ವಾರಗಳಲ್ಲಿ ಮೊಟ್ಟೆಗಳು ತಾವೇ ಸ್ವಲ್ಪ ಬಿಸಿ ಹೊರಬಿಡುತ್ತವೆ. ವಾರಕ್ಕೊಮ್ಮೆ ಅರೆ ನಿಮಿಷ ಮುಚ್ಚಳ ತೆಗೆದು ಗಾಳಿಯಾಡಿಸಿ, ಕೊನೆಯ ಎರಡು ವಾರ ಎರಡು ದಿನಕ್ಕೊಮ್ಮೆ. ಬಾಲ್ ಪೈಥಾನ್‌ಗೆ 55ರಿಂದ 60 ದಿನ.

ಕರೆಂಟು ಹೋದಾಗ

ಮನೆಯ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಿಂದ ನಿಜಕ್ಕೂ ಸಿಗುವುದು 1,200 ವಾಟ್-ಅವರ್ ಆಸುಪಾಸು. ರ‍್ಯಾಕಿಗೆ ಸರಾಸರಿ 120, ಇನ್‌ಕ್ಯುಬೇಟರಿಗೆ 40 ಅಂದರೆ ಏಳು ಗಂಟೆ. ಬೆಸ್ಕಾಂ ನಿರ್ವಹಣೆಗೆಂದು ಹಗಲಿಡೀ ತೆಗೆದರೂ ಅದು ಸಾಲುತ್ತದೆ. ಆಯಿಲ್ ಹೀಟರ್ ಇನ್ವರ್ಟರಿಗೆ ಹಾಕುವಂತೆಯೇ ಇಲ್ಲ. ಕರೆಂಟನ್ನು ಏರಿಳಿಸುವ ಡಿಮ್ಮಿಂಗ್ ಥರ್ಮೋಸ್ಟಾಟ್‌ಗಳು ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಹುಚ್ಚು ಹಿಡಿದಂತೆ ಮಿಣುಕುತ್ತವೆ, ಪ್ಯೂರ್ ಸೈನ್ ವೇವ್ ಬೇಕು.

ಕ್ವಾರಂಟೈನ್, ಇಲಿ, ಮತ್ತು ಮರಿಗಳು

ಹೊಸ ಹಾವು ಕನಿಷ್ಠ 60, ಸಾಧ್ಯವಾದರೆ 90 ದಿನ ಬೇರೆ ಕೋಣೆಯಲ್ಲಿ. ಅದೇ ಕೋಣೆಯ ಇನ್ನೊಂದು ಮೂಲೆ ಲೆಕ್ಕಕ್ಕಿಲ್ಲ, ನುಸಿ ನಡೆದು ಬರುತ್ತದೆ. ನೀರಿನ ಬಟ್ಟಲಲ್ಲಿ ಮೆಣಸಿನ ಪುಡಿಯಂತೆ ಕಪ್ಪು ಚುಕ್ಕೆ ಕಂಡರೆ ಅದು ನುಸಿ. ಉಸಿರಾಡುವಾಗ ಸೀಟಿ ಸದ್ದು, ಬಾಯಂಚಿನಲ್ಲಿ ಲೋಳೆ ಇದ್ದರೆ ಹಾವಿನ ಉಸಿರಾಟಕ್ಕೆ ಸೋಂಕು ತರುವ ನಿಡೊವೈರಸ್ ಸಂದೇಹ ಪಡಬೇಕು, ಆ ಹಾವು ದೊಡ್ಡ ಕೋಣೆಗೆ ಹೋಗುವಂತಿಲ್ಲ. ಎರಡನೇ ಕೋಣೆ ಇಲ್ಲದವರು ಬಾತ್‌ರೂಮನ್ನಾದರೂ ಬಳಸಲಿ. ಇಕ್ಕಳ, ಬಟ್ಟಲು, ಒರೆಸುವ ಬಟ್ಟೆ ಎಲ್ಲ ಬೇರೆ. ದಿನದ ಕೆಲಸದಲ್ಲಿ ಆ ಹಾವು ಕೊನೆಗೆ.

ಇಲಿಯನ್ನು ಮನೆಯಲ್ಲೇ ಸಾಕುವುದೋ, ಹೆಪ್ಪುಗಟ್ಟಿಸಿದ್ದು ತರುವುದೋ? ಸಾಕಿದರೆ ಅದಕ್ಕೂ ಒಂದು ಕೋಣೆ, ಅಮೋನಿಯ ನಾತ, ಅಕ್ಕಪಕ್ಕದವರ ಜಗಳ. ಹಾವಿನ ಕೋಣೆಯಲ್ಲೇ ಇಟ್ಟರೆ ಸದಾ ಇಲಿ ವಾಸನೆಗೆ ಹಾವು ಕೈಗೇ ಬಾಯಿ ಹಾಕುತ್ತದೆ. ಹೆಪ್ಪುಗಟ್ಟಿದ್ದಕ್ಕೆ ಬೇರೆಯದೇ ಚಿಕ್ಕ ಫ್ರೀಜರ್ ಬೇಕು, −18 ಡಿಗ್ರಿ. ಮನೆಯವರ ಫ್ರಿಜ್ಜಿನಲ್ಲಿ ಜಾಗ ಕೇಳುವ ಧೈರ್ಯ ಮಾಡಬೇಡಿ. ರಾತ್ರಿ ಕೆಳಗಿಳಿಸಿ ಕರಗಿಸಿ, ಕೊಡುವ ಮೊದಲು ಚೀಲದಲ್ಲಿಟ್ಟು ಬಿಸಿನೀರಿನಲ್ಲಿ 38 ಡಿಗ್ರಿಗೆ ತನ್ನಿ. ಹತ್ತು ದೊಡ್ಡ ಹಾವಿಗೆ ಎರಡು ವಾರಕ್ಕೊಂದರಂತೆ ತಿಂಗಳಿಗೆ 20-22 ಇಲಿ.

ಮರಿಗಳ ಲೆಕ್ಕ ಇದರ ಮೇಲೆ. ಎರಡು ಹೆಣ್ಣು ಆರಾರು ಮರಿ ಮಾಡಿದರೆ ಹನ್ನೆರಡು. ಒಂದರಿಂದ ಎರಡು ವಾರದೊಳಗೆ ಮೊದಲ ಪೊರೆ ಬಿಟ್ಟು ಊಟಕ್ಕೆ ಕೂರುತ್ತವೆ, ವಾರಕ್ಕೊಂದರಂತೆ ತಿಂಗಳಿಗೆ ಐವತ್ತು ಇಲಿಮರಿ. ಕೊಳ್ಳುವವರು ಸಿಗದಿದ್ದರೆ ಒಂದು ವರ್ಷದಲ್ಲಿ ಹನ್ನೆರಡೂ ದೊಡ್ಡ ಟಬ್ ಕೇಳುತ್ತವೆ, ಮೂರು ವರ್ಷದಲ್ಲಿ 4×2 ಅಡಿಯ ಗೂಡು. ತೋಟಕ್ಕೋ ಕೆರೆದಂಡೆಗೋ ಬಿಡುವ ಯೋಚನೆ ಬರಲೇಬಾರದು. ಹಾಗಾಗಿ ಗಂಡನ್ನು ಹೆಣ್ಣಿನ ಟಬ್ಬಿಗೆ ಬಿಡುವ ಮೊದಲೇ ಮರಿ ರ‍್ಯಾಕಿನ ಖಾಲಿ ಟಬ್ ಎಣಿಸಿ. ಆರು ಟಬ್ ಖಾಲಿ ಇದ್ದರೆ ಆ ವರ್ಷ ಒಂದೇ ಹೆಣ್ಣು.